ಏಳು ಸೀನಿನ ಪಂಚನಾಮೆ

2025ರ ಫೆಬ್ರುವರಿ 3, ಸೋಮವಾರ ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ದುರ್ಗಾದೇವಿ ಎಂಬ ಗೃಹಿಣಿ ಮಸ್ಕಿ ಪೊಲೀಸ್ ಠಾಣೆಗೆ ಬಂದು ಕೊಟ್ಟ ಫಿರ್ಯಾದಿಯನ್ನು ಹೇಗೆ ಬರೆದುಕೊಳ್ಳಬೇಕೆಂದು ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ಕಳ್ಳ ಒಯ್ದದ್ದಕ್ಕೆ ಅಳುತ್ತ ಬರುವವರನ್ನು ಠಾಣೆ ಕಂಡಿತ್ತು. ಈಕೆ ಸಿಟ್ಟಾಗಿದ್ದದ್ದು ಕಳ್ಳ ಬಿಟ್ಟುಹೋದದ್ದಕ್ಕೆ.

ಪಿಎಸ್‌ಐ ಹನುಮಂತರಾಯರ ಮೇಜಿನ ಮೇಲೆ ಆಕೆ ಕರವಸ್ತ್ರ ಬಿಚ್ಚಿಟ್ಟಳು. ಒಳಗೆ ಅಂಗೈ ತುಂಬುವಷ್ಟು ದೊಡ್ಡ ಸರವಿತ್ತು. ಅದು ಅತ್ತೆ ಮದುವೆಯಲ್ಲಿ ಹಾಕಿದ್ದು. ಕಳ್ಳ ತವರಿನವರು ಕೊಟ್ಟ ಬಳೆ, ಝುಮುಕಿ ಒಯ್ದಿದ್ದ. ಅದೇ ಡಬ್ಬಿಯಲ್ಲಿದ್ದ ಈ ಸರವನ್ನು ಮಾತ್ರ ಹಾಸಿಗೆಯ ಮೇಲೆ ಟವೆಲ್ ಮಡಚಿ ಅದರ ಮೇಲಿಟ್ಟು ಹೋಗಿದ್ದ.

"ಕಳ್ಳಗೂ ಬ್ಯಾಡಾದ ಸರಾ ನನ್ನ ಕೊಳ್ಳಾಗ ಹಾಕ್ಯಾರ್ರಿ ಸಾಹೇಬ್ರ. ಬರಕೋರಿ. ಮೊದಲ ನಮ್ಮತ್ತಿ ಮ್ಯಾಲೆ, ಆಮ್ಯಾಲೆ ಕಳ್ಳನ ಮ್ಯಾಲೆ."

ಹನುಮಂತರಾಯರು ಶಾಂತ ಮನುಷ್ಯ. ಮುಂಜಾನೆ ಠಾಣೆಯ ಮೆಟ್ಟಿಲ ಮೇಲೆ ನಿಂತು ಬೆಟ್ಟದ ಮಲ್ಲಯ್ಯನಿಗೆ ಕೈಮುಗಿಯದೆ ಟೋಪಿ ಹಾಕುವವರಲ್ಲ. ಶಕುನವನ್ನೂ ಅಷ್ಟೇ ಭಕ್ತಿಯಿಂದ ಪಾಲಿಸುತ್ತಿದ್ದರು. ಹೊರಡುವಾಗ ಯಾರಾದರೂ ಒಂದು ಸಲ ಸೀನಿದರೆ ಹಿಂದೆ ಬಂದು ಕೂತು, ಒಂದು ಗುಟುಕು ನೀರು ಕುಡಿದು, ಮನಸ್ಸಿನಲ್ಲಿ ಮಲ್ಲಯ್ಯನ ಹೆಸರು ಹೇಳಿ ಏಳುತ್ತಿದ್ದರು. ಇದು ಇಡೀ ಠಾಣೆಗೆ ಗೊತ್ತು. ಸೀನು ಕೇಳಿದರೆ ಚಾಲಕನೇ ಜೀಪು ಬಂದ್ ಮಾಡುತ್ತಿದ್ದ.

ಅತ್ತೆಯ ಮೇಲೆ ಎಫ್‌ಐಆರ್ ಬರುವುದಿಲ್ಲವೆಂದು ದುರ್ಗಾದೇವಿಗೆ ತಿಳಿಸಿ ಹೇಳಿ, ಭಾರತೀಯ ನ್ಯಾಯ ಸಂಹಿತೆಯ ಕಲಂ 331 ಮತ್ತು 305ರ ಅಡಿ ಅಪರಿಚಿತ ಕಳ್ಳನ ಮೇಲೆ ಪ್ರಕರಣ ದಾಖಲಿಸಿ, 12 ಗಂಟೆಗೆ ಆಕೆಯ ಮನೆಗೆ ಹೋದರು. ಬೀಗ ಮುರಿದಿತ್ತು. ಕಪಾಟು ಮುಟ್ಟಿರಲಿಲ್ಲ, ಟ್ರಂಕು ಎಳೆದಿರಲಿಲ್ಲ. ಒಡವೆ ಇದ್ದದ್ದು ಅಡುಗೆಮನೆಯ ಜೋಳದ ಹಿಟ್ಟಿನ ಡಬ್ಬಿಯ ತಳದಲ್ಲಿ. ಕಳ್ಳ ನೇರ ಅಲ್ಲಿಗೇ ಹೋಗಿದ್ದ. ಚೆಲ್ಲಿದ ಹಿಟ್ಟನ್ನು ಕಸಬರಿಗೆಯಿಂದ ಗುಡಿಸಿ ಒಂದು ಕಡೆ ಗುಡ್ಡೆ ಹಾಕಿದ್ದ. ಇಷ್ಟು ಮರ್ಯಾದೆಯ ಕಳ್ಳನನ್ನು ಹನುಮಂತರಾಯರು ತಮ್ಮ ಸರ್ವಿಸಿನಲ್ಲಿ ಕಂಡಿರಲಿಲ್ಲ.

ಪಂಚನಾಮೆ ಬರೆದದ್ದು ಹೆಡ್ ಕಾನ್‌ಸ್ಟೆಬಲ್ ದಾವಲ್‌ಸಾಬ್. ಇಪ್ಪತ್ತಾರು ವರ್ಷ ಪಂಚನಾಮೆ ಬರೆದ ಕೈ ಅದು. ಪರೀಕ್ಷೆಯಾಗದೆ ಯಾವುದನ್ನೂ ಬಂಗಾರ ಎಂದು ಬರೆಯಬಾರದು ಎಂಬ ನಿಯಮ ಆತನ ರಕ್ತಕ್ಕಿಳಿದಿತ್ತು. ಎಲ್ಲವೂ 'ಬಂಗಾರದಂತೆ ತೋರುವ ಹಳದಿ ಲೋಹ'. ಸ್ವಂತ ಮಗಳ ನಿಶ್ಚಿತಾರ್ಥದಲ್ಲಿ ಬೀಗರ ಎದುರು ಹುಡುಗನ ಕಡೆಯವರು ಹಳದಿ ಲೋಹದ ಉಂಗುರ ತಂದಿದ್ದಾರೆ ಎಂದು ಬಾಯಿತಪ್ಪಿ ಹೇಳಿ, ಆ ಸಂಬಂಧ ಉಳಿಸಿಕೊಳ್ಳಲು ಮೂರು ಸಲ ಬೀಗರ ಮನೆಗೆ ನಡೆದಿದ್ದ.

ಸರ ನೋಡಲು ಅಕ್ಕಸಾಲಿ ಬಸ್ಸಪ್ಪ ಪತ್ತಾರನನ್ನು ಕರೆಸಿದರು. ಆತ ಒರೆಗಲ್ಲಿಗೆ ಸರ ತಿಕ್ಕಿ, ಗೆರೆಯ ಮೇಲೆ ಒಂದು ಹನಿ ಆಮ್ಲ ಬಿಟ್ಟ. ಗೆರೆ ಮಾಯವಾಯಿತು.

"ಹಿತ್ತಾಳಿರಿ. ಮ್ಯಾಲ ಬಂಗಾರದ ನೀರು ಕುಡಿಸ್ಯಾರ."

ಮೂಲೆಯಲ್ಲಿ ಕೂತಿದ್ದ ಅತ್ತೆ ಗೋಡೆ ಹಿಡಿದುಕೊಂಡಳು. ಆಕೆಗೆ ಅದನ್ನು ಕೊಟ್ಟವಳು ಆಕೆಯ ಅತ್ತೆ. ಮೂರು ತಲೆಮಾರು ಹಿತ್ತಾಳೆಗೆ ಹೆದರಿ ರಾತ್ರಿ ಎದ್ದೆದ್ದು ಬೀಗ ನೋಡಿತ್ತು. ಮನುಷ್ಯನ ಮೋಹ ಯಾವುದರ ಮೇಲೆ ಕೂತಿರುತ್ತದೆ ಎಂಬುದು ಮಲ್ಲಯ್ಯನಿಗೇ ಗೊತ್ತು. ಸೊಸೆ ಹೋಗಿ ಅತ್ತೆಗೆ ನೀರು ತಂದುಕೊಟ್ಟಳು. ಅತ್ತೆಯ ಮೇಲಿನ ಫಿರ್ಯಾದಿ ಅಲ್ಲಿಗೇ ಬಿತ್ತು.

ಆದರೆ ಪ್ರಕರಣ ಅಲ್ಲಿಗೆ ನಿಲ್ಲಲಿಲ್ಲ. ವಾರದೊಳಗೆ ಲಿಂಗಸುಗೂರಿನಲ್ಲಿ ಒಂದು ಮನೆ, ಸಿಂಧನೂರಿನಲ್ಲಿ ಒಂದು ಮನೆ, ಎರಡೂ ಹಾಡಹಗಲು. ಎರಡರಲ್ಲೂ ಖರೆ ಬಂಗಾರ ಹೋಗಿತ್ತು, ಖೊಟ್ಟಿಯದು ಟವೆಲಿನ ಮೇಲೆ ಉಳಿದಿತ್ತು. ಸುದ್ದಿ ಹರಡಿ ಮೂರೂ ಊರಿನ ಹೆಂಗಸರು ತಮ್ಮ ಒಡವೆ ಹಿಡಿದು ಪತ್ತಾರರ ಅಂಗಡಿಗೆ ನುಗ್ಗಿದರು. ಕಳುವಾಗದ ಮನೆಗಳಲ್ಲೂ ಜಗಳ ಎದ್ದವು. ತನ್ನ ಗಂಡನಿಗೆ ಎರಡು ದಿನ ಊಟ ಹಾಕಿಲ್ಲವೆಂದು ಒಬ್ಬಾಕೆ ತಾನಾಗಿಯೇ ಠಾಣೆಗೆ ಬಂದು ತಿಳಿಸಿದಳು.

ಸಾಹೇಬರು ಮೂರೂ ಮನೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಹೊಸಬರು ಯಾರಾದರೂ ಬಂದಿದ್ದರೇ? ಮೂರೂ ಮನೆಯ ಉತ್ತರ ಒಂದೇ: ಯಾರೂ ಇಲ್ಲ.

ಫೆಬ್ರುವರಿ 10ರಂದು ಮಹಿಳಾ ಕಾನ್‌ಸ್ಟೆಬಲ್ ಅಂಜಲಿ ತಾನೊಮ್ಮೆ ಕೇಳಿ ಬರುತ್ತೇನೆಂದು ಅನುಮತಿ ಬೇಡಿದಳು. ಸಾಹೇಬರು ನೀರು ಕುಡಿದು ಕೂರುವುದನ್ನು ಎರಡು ವರ್ಷದಿಂದ ನೋಡುತ್ತಿದ್ದವಳು ಆಕೆ. ದುರ್ಗಾದೇವಿಯ ಮುಂದೆ ಚಹಾ ಕುಡಿಯುತ್ತ ಆಕೆ ಕೇಳಿದ್ದು ಬೇರೆ.

"ಕಳುವಾಗೂಕ ಮೊದಲ ನಿಮ್ಮನ್ಯಾಗ ಏನಾರ ಅಪಶಕುನ ಆಗಿತ್ತೇನ್ರಿ ಅಕ್ಕಾರ?"

ದುರ್ಗಾದೇವಿ ಬಟ್ಟಲು ಕೆಳಗಿಟ್ಟಳು. ಯಾಕ ಆಗಿರಲಿಲ್ಲ? ಬಸುರಿ ತಂಗಿಯ ಕುಬಸಕ್ಕೆ ಹೊರಟು ಹೊಸ್ತಿಲು ದಾಟುವಾಗ, ಕೂದಲು ತಗೊಂಡು ಸ್ಟೀಲ್ ಪಾತ್ರೆ ಕೊಡುವ ಹುಡುಗಿ ಬಾಗಿಲಲ್ಲಿ ನಿಂತು ಮೂರು ಸಲ ಸೀನಿತ್ತು. ಮನೆಯ ಸುತ್ತ ಹೋಗಿ ಅಡುಗೆಮನೆಯ ಕಿಟಕಿಯ ಹತ್ತಿರ ಮತ್ತೆ ಸೀನಿತ್ತು. ಈಕೆ ಒಳಗೆ ಬಂದು ಕೂತಳು. ಕುಬಸಕ್ಕೆ ಹೋದಾಗ ಆರತಿ ಮುಗಿದಿತ್ತು, ತಿರುಗಿ ಬಂದಾಗ ಬೀಗ ಮುರಿದಿತ್ತು. ಹುಡುಗಿಯನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, ಸಾಹೇಬರು ಕೇಳಿದ್ದು ಹೊಸಬರನ್ನು. ಕೂದಲದ ಹುಡುಗಿ ಎಲ್ಲರ ಬಾಗಿಲಿಗೂ ಬರುವಂಥದ್ದು.

ಸಿಂಧನೂರಿನಲ್ಲೂ ಅದೇ ಹುಡುಗಿ, ಅದೇ ಸೀನು. ಲಿಂಗಸುಗೂರಿನಲ್ಲಿ ಕಳುವಾದ ಮನೆಯ ಪಕ್ಕದ ಮುದುಕಿ ರಹೀಮಾಬೀ ಹೇಳಿದ್ದು ಇನ್ನೂ ದೊಡ್ಡದು. ಕಳುವಾದ ದಿನ ಮಗಳ ಊರಿಗೆ ಹೊರಟ ಆಕೆಗೆ ಬೀಗ ಹಾಕಿದ ಪಕ್ಕದ ಮನೆಯೊಳಗಿಂದ ಸೀನು ಕೇಳಿತು. ತಮ್ಮಲ್ಲಿ ಸೀನಿದರೆ ದೇವರಿಗೆ ಶುಕ್ರಿಯಾ ಹೇಳುವುದು ವಾಡಿಕೆ. ಆದರೆ ನಲವತ್ತು ವರ್ಷ ಈ ಓಣಿಯಲ್ಲೇ ಬಾಳಿದವಳು, ಓಣಿಯ ರೂಢಿಯಂತೆ ಒಳಗೆ ಬಂದು ಕೂತಳು. ಎದ್ದಾಗ ಮತ್ತೊಂದು ಸೀನು. ನಾಲ್ಕು ಸಲ ಹೀಗಾಗಿ ಬಸ್ಸು ಹೋಯಿತು. ಬೀಗ ಹಾಕಿದ ಮನೆಯಲ್ಲಿ ಸೀನಿದವರು ತೀರಿಹೋದ ಆ ಮನೆಯ ಯಜಮಾನರೇ ಇರಬೇಕೆಂದು ಅವರ ಆತ್ಮಕ್ಕೆ ಫಾತಿಹಾ ಓದಿ ಸುಮ್ಮನಾಗಿದ್ದಳು.

ದುರ್ಗಾದೇವಿ ಕೂದಲಿಗೆ ಪಡೆದ ಪುಟ್ಟ ಡಬ್ಬಿಯ ತಳದಲ್ಲಿ ಅಂಗಡಿಯ ಚೀಟಿ ಅಂಟಿತ್ತು. ಅದನ್ನು ಹಿಡಿದು ಸಾಹೇಬರು, ಅಂಜಲಿ, ದಾವಲ್‌ಸಾಬ್ ಫೆಬ್ರುವರಿ 11ರಂದು ಸಿಂಧನೂರಿನ ಪಾತ್ರೆ ಅಂಗಡಿಗೆ ಹೋದರು. ಮಾಲೀಕ ಗೌಸ್‌ಸಾಬ್ ಚೀಟಿ ನೋಡಿ, ಕೂದಲ ವ್ಯಾಪಾರಕ್ಕೆ ತನ್ನಲ್ಲಿ ಪಾತ್ರೆ ಕೊಳ್ಳುವವನ ಹೆಸರು ಹೇಳಿದ: ಕನಕರಾಜ, ಮೊಪೆಡ್ ಮೇಲೆ ವ್ಯಾಪಾರ, ಊರ ಹೊರಗೆ ಕಾಲುವೆ ಬದಿಯ ಬಾಡಿಗೆ ಕೋಣೆ. ಜೊತೆಗೊಂದು ಹುಡುಗಿ, ಹದಿನಾರು ಹದಿನೇಳು ಇರಬೇಕು.

ಆ ಹುಡುಗಿಗೆ ಯಾವಾಗಲೂ ನೆಗಡಿಯೇ ಎಂದು ಹನುಮಂತರಾಯರು ಕೇಳಿದರು.

"ಎಲ್ಲಿ ನೆಗಡಿ ಸಾಬ್? ನಮ್ಮ ಅಂಗಡ್ಯಾಗ ತಾಸಗಟ್ಟಲೆ ಕುಂದರತೈತಿ. ಚಾಚಾ, ನನ್ನ ಇಲ್ಲೇ ಬಿಟ್ಟಬಿಡ್ರಿ, ಸ್ಟೀಲಿನ್ಯಾಗ ಅರಾಮ ಅನಸತೈತಿ ಅಂತೈತಿ. ಒಮ್ಮಿ ನಮ್ಮ ಮಗಳು ಪೀರ್‌ಬೀ ಕಿವ್ಯಾಗ ಹೊಸಾ ಬಂಗಾರ ಹಾಕ್ಕೊಂಡು ಬಂದಿದ್ಲು. ಅವಾಗ ಮಾತ್ರ ಸೀನಿತು."

ಜೀಪಿನ ಹತ್ತಿರ ಬಂದಾಗ ಅಂಜಲಿ ಮೆಲ್ಲಗೆ ಹೇಳಿದಳು, ಅದು ನೆಗಡಿಯ ಸೀನಲ್ಲ, ಬಂಗಾರದ ಸೀನು ಎಂದು. ಖರೆ ಬಂಗಾರ ಹತ್ತಿರವಿದ್ದರೆ ಆ ಹುಡುಗಿಗೆ ಸೀನು ಬರುತ್ತದೆ; ಹಿತ್ತಾಳೆಗೆ ಬರುವುದಿಲ್ಲ. ಇದಕ್ಕೆ ಯಾವ ಕಲಂ ಹಚ್ಚುವುದೆಂದು ದಾವಲ್‌ಸಾಬ್ ಚಿಂತೆಗೆ ಬಿದ್ದ. ಶಿವ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕೊಟ್ಟು ಕಳಿಸುತ್ತಾನೆ. ಇವಳಿಗೆ ಮೂಗಿನಲ್ಲಿ ಕೊಟ್ಟನೇ ಎಂದು ಹನುಮಂತರಾಯರು ಅಂದುಕೊಂಡರು.

ಫೆಬ್ರುವರಿ 12, ಬುಧವಾರ, ಬೆಳಿಗ್ಗೆ 7 ಗಂಟೆ 30 ನಿಮಿಷ. ಸಿಂಧನೂರು ಠಾಣೆಗೆ ಮಾಹಿತಿ ಕೊಟ್ಟು, ಕಾನೂನಿಗೆ ಮಗುವೆನಿಸುವ ಹುಡುಗಿ ಇರುವ ಮನೆಯೆಂದು ಎಲ್ಲರೂ ಸಾದಾ ಬಟ್ಟೆಯಲ್ಲಿ ಹೋದರು. ಬಾಗಿಲು ಅರ್ಧ ತೆರೆದಿತ್ತು. ಹನುಮಂತರಾಯರು ಬಲಗಾಲು ಎತ್ತಿ ಹೊಸ್ತಿಲ ಮೇಲೆ ತಂದರು.

ಒಳಗಿಂದ ಒಂದು ಸೀನು ಬಂತು.

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಐವತ್ತೆರಡು ವರ್ಷದ ಅಭ್ಯಾಸ, ಬುದ್ಧಿಯನ್ನು ಕೇಳಿ ನಡೆಯುವಂಥದ್ದಲ್ಲ. ಸಾಹೇಬರು ಮೂರು ಹೆಜ್ಜೆ ಹಿಂದೆ ಸರಿದು, ಅಂಗಳದ ಕಟ್ಟೆಯ ಮೇಲೆ ಕೂತು, ನೀರಿಗಾಗಿ ಕೈಚಾಚಿದರು. ಚಾಲಕ ಓಡಿಹೋಗಿ ಜೀಪಿನಿಂದ ಬಾಟಲಿ ತಂದ. ಇಡೀ ತಂಡ ಭಕ್ತಿಯಿಂದ ನಿಂತಿತು.

"ಸಾಹೇಬ್ರ," ದಾವಲ್‌ಸಾಬ್ ಬಗ್ಗಿ ಕಿವಿಯಲ್ಲಿ ಹೇಳಿದ, "ಸೀನಿದಾಕಿ ಆರೋಪಿ."

"ಒಂದ್ ಗುಟುಕ ತಡಿಯಪ್ಪ."

ಆ ಗುಟುಕು ಇಳಿಯುವಷ್ಟರಲ್ಲಿ ಕನಕರಾಜ ಹಿಂದಿನ ಕಿಟಕಿಯಿಂದ ಹಾರಿದ. ಆದರೆ ಹಿಂದೆ ಇದ್ದದ್ದು ಬೇಸಿಗೆ ಭತ್ತಕ್ಕೆ ನೀರು ಕಟ್ಟಿ ಕೆಸರು ಮಾಡಿಟ್ಟ ಗದ್ದೆ. ನಾಲ್ಕು ಹೆಜ್ಜೆಗೆ ಮೊಣಕಾಲು, ಆರು ಹೆಜ್ಜೆಗೆ ತೊಡೆ ಹೂತಿತು. ಸಾಹೇಬರು ಬಾಟಲಿಯ ಮುಚ್ಚಳ ತಿರುವಿ ಬಂದು ನೋಡಿದಾಗ, ನಾಟಿಗೆ ಬಂದ ಹೆಂಗಸರು ಬದುವಿನ ಮೇಲೆ ನಿಂತು ಆತನಿಗೆ ಕಾಲು ಎತ್ತುವ ಕ್ರಮ ಕಲಿಸುತ್ತಿದ್ದರು. ಅಂಜಲಿ ಹಗ್ಗ ಎಸೆದಳು. ತನ್ನನ್ನು ಬಂಧಿಸಲು ಆತನೇ ಬೇಡಿಕೊಂಡ.

ಹುಡುಗಿ ಓಡಿರಲಿಲ್ಲ. ಚಾಪೆಯ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು. ಹೆಸರು ಹುಲಿಗೆಮ್ಮ, ಮನೆಯವರ ಬಾಯಲ್ಲಿ ಹುಲಿಗಿ, ವಯಸ್ಸು ಹದಿನೇಳು. ಸಾಹೇಬರು ಎದುರಿಗೆ ಕೂತಾಗ ಮತ್ತೊಂದು ಸಲ ಸೀನಿ, ಅಂಗೈಯಿಂದ ಮೂಗು ಮುಚ್ಚಿಕೊಂಡಳು. ಅವರ ಉಂಗುರ ಖರೆಯದು ಎಂದು ತಿಳಿಸಿದಳು. ಹನುಮಂತರಾಯರು ಉಂಗುರ ತೆಗೆದು ದೂರ ನಿಂತ ಚಾಲಕನಿಗೆ ಕೊಟ್ಟರು. ದಾವಲ್‌ಸಾಬ್‌ಗೆ ಪೆನ್ನು ಮುಚ್ಚಲು ಹೇಳಿದರು. ವಿಚಾರಿಸಿದ್ದು ಅಂಜಲಿ.

ಹುಟ್ಟಿದ್ದು ಹಟ್ಟಿಯಲ್ಲಿ, ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಅಪ್ಪ ಗ್ಯಾನಪ್ಪನ ಕ್ವಾರ್ಟರ್ಸಿನಲ್ಲಿ. ಅಲ್ಲಿ ಹಗಲಿರುಳೂ ಸೀನು. ಊರಿನ ಹವಾ ಒಗ್ಗದೆಂದು ದಢೇಸುಗೂರಿನ ಸೋದರತ್ತೆ ಗದ್ದೆಮ್ಮನ ಮನೆಗೆ ಕಳಿಸಿದರು. ಅಲ್ಲಿ ಭತ್ತದ ಗದ್ದೆ, ಕಾಲುವೆ, ಸೀನು ನಿಂತಿತು. ಆದರೆ ಮದುವೆ, ತೊಟ್ಟಿಲು, ಸೀರೆ ಉಡಿಸುವ ಕಾರ್ಯ ಎಲ್ಲೇ ಇರಲಿ, ಹೆಂಗಸರು ಬಂಗಾರ ಹಾಕಿಕೊಂಡು ಬಂದರೆ ಇವಳಿಗೆ ಶುರುವಾಗುತ್ತಿತ್ತು. ಮುಹೂರ್ತಕ್ಕೆ ಸರಿಯಾಗಿ ಸೀನುವ ಹುಡುಗಿ ಎಂದು ಹೆಸರು ಬಿತ್ತು. ಶುಭಕಾರ್ಯವಿದ್ದ ದಿನ ಅವಳನ್ನು ದನದ ಕೊಟ್ಟಿಗೆಯಲ್ಲಿ ಕೂರಿಸಿ ಎಲೆಯಲ್ಲಿ ಊಟ ಕಳಿಸುತ್ತಿದ್ದರು. ಶಾಲೆಯಲ್ಲಿ ಪರೀಕ್ಷೆಯ ದಿನ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಹತ್ತನೆಯದಕ್ಕೆ ಶಾಲೆ ಬಿಟ್ಟಳು.

ಅವಳ ಸೀನು ಕೇಳಿ ನಕ್ಕವನು ಕನಕರಾಜ ಒಬ್ಬನೇ. ಮಾವನ ಕಡೆಯ ದೂರದ ನೆಂಟ. ಒಮ್ಮೆ ಗೋಡೆ ಹತ್ತಿ ಕದ್ದದ್ದೆಲ್ಲ ಖೊಟ್ಟಿ ಬಂಗಾರವಾಗಿ, ಅದಕ್ಕೇ ಆರು ತಿಂಗಳು ಒಳಗಿದ್ದು ಬಂದವನು. ಆ ಅವಮಾನ ಆತನಿಗೆ ಜೈಲಿಗಿಂತ ದೊಡ್ಡದಾಗಿತ್ತು. ಒಂದು ಮದುವೆಯಲ್ಲಿ ಮದುಮಗಳು ಬಂದಾಗ ಕೊಟ್ಟಿಗೆಯಿಂದ ಬಂದ ಸೀನುಗಳನ್ನು ಕೇಳಿ, ತೊಲೆಗೊಂದು ಸೀನು ಎಂಬ ತತ್ವ ಕಂಡುಕೊಂಡ.

"ನಿನಗ ಏನ್ ಕೊಡ್ತೀನಿ ಅಂದಿದ್ದ?" ಅಂಜಲಿ ಕೇಳಿದಳು.

"ಏನೂ ಇಲ್ರಿ ಅಕ್ಕಾರ. ಬಳ್ಳಾರ್ಯಾಗ ಒಬ್ಬ ಡಾಕ್ಟರ್ ಅದಾರಂತ. ಮೂಗಿನ್ಯಾಗ ಒಂದ್ ನರ ಸುಡ್ತಾರಂತ. ಆಮ್ಯಾಲೆ ಸೀನಾ ಬರಂಗಿಲ್ಲಂತ. ಐದ್ ಮನಿ ಆದ ಮ್ಯಾಲೆ ಕರಕೊಂಡ ಹೋಗ್ತೀನಿ ಅಂದಿದ್ದ."

"ಎರಡ ಮನಿ ಉಳಿದಿದ್ವು."

"ಹೂಂರಿ. ಇಪ್ಪತ್ತಮೂರಕ್ಕ ನಮ್ಮಕ್ಕ ಜ್ಯೋತಿದು ಲಗ್ನ ಐತಿ. ಅತ್ತಿ ಮಗಗ ಕೊಡಾಕತ್ತೀವಿ. ಅಕ್ಕಿಕಾಳ ಬೀಳುವಾಗ ನೀ ಊರಾಗ ಇರಬ್ಯಾಡ ಅಂದಾಳ ಅತ್ತಿ. ಮೂಗ ಸುಟ್ಟರ ಇರಬಹುದಿತ್ತಲ್ರಿ."

ಹೊರಗೆ ನಾಟಿ ಹೆಂಗಸರ ಪದ ಕೇಳುತ್ತಿತ್ತು. ಖೊಟ್ಟಿ ಒಡವೆಯನ್ನು ಟವೆಲಿನ ಮೇಲೆ ಇಟ್ಟವರು ಯಾರೆಂದು ಅಂಜಲಿ ಕೇಳಿದಳು. ತಾನೇ ಎಂದಳು ಹುಡುಗಿ. ಒಯ್ಯದ ಸಾಮಾನನ್ನು ಯಾಕೆ ಚೆಲ್ಲಾಪಿಲ್ಲಿ ಮಾಡುವುದು ಎಂದು.

ಕದ್ದ ಬಂಗಾರ ಕೋಣೆಯಲ್ಲಿರಲಿಲ್ಲ. ಇವಳಿದ್ದ ಮನೆಯಲ್ಲಿ ಇಟ್ಟುಕೊಳ್ಳುವುದು ಸಾಧ್ಯವೂ ಇರಲಿಲ್ಲ. ಕನಕರಾಜ ಕಾಲುವೆಯ ದಂಡೆಯಲ್ಲಿ ಹೂತಿದ್ದಾಗಿ ಒಪ್ಪಿಕೊಂಡ. ಜಾಗ ತೋರಿಸಲು ಹೇಳಿದರೆ, ಕೆಸರಿನಲ್ಲಿ ಬಿದ್ದು ನೆನಪು ಹೋಗಿದೆ ಎಂದು ಹಟ ಹಿಡಿದ. ಮೂರು ಕಡೆ ಅಗೆಸಿದರು. ಒಂದು ಕಡೆ ಹಳೆಯ ಚಪ್ಪಲಿ, ಇನ್ನೊಂದು ಕಡೆ ಏಡಿ ಸಿಕ್ಕಿತು, ಮೂರನೆಯದರಲ್ಲಿ ಏನೂ ಇಲ್ಲ. ಇಬ್ಬರು ಪಂಚರೂ ಬೆವರಿ, ತಮ್ಮ ಕೂಲಿ ಯಾರು ಕೊಡುತ್ತಾರೆಂದು ಕೇಳತೊಡಗಿದರು. ಅಂಜಲಿಯ ಜೊತೆ ಜೀಪಿನಲ್ಲಿ ಕೂತಿದ್ದ ಹುಲಿಗಿ, ತಾನು ಸ್ವಲ್ಪ ನಡೆದಾಡಲೇ ಎಂದು ಕೇಳಿದಳು. ಯಾರೂ ಆಕೆಗೆ ಹಾಗೆ ಹೇಳಿರಲಿಲ್ಲ. ದಂಡೆಯ ಮೇಲೆ ನಡೆಯುತ್ತ ಹೋಗಿ ಒಂದು ಜಾಲಿಗಿಡದ ಹತ್ತಿರ ನಿಂತು ಸೀನಿದಳು. ಏಳು ಸಲ.

ಅಲ್ಲಿ ಸ್ಟೀಲ್ ತಂಬಿಗೆ ಸಿಕ್ಕಿತು. ಜೊತೆಗೆ ಕರೆತಂದಿದ್ದ ಬಸ್ಸಪ್ಪ ಪತ್ತಾರ ತೂಗಿದ: ಏಳು ತೊಲೆಗೆ ಒಂದೆರಡು ಗುಂಜಿ ಕಡಿಮೆ. ತಕ್ಕಡಿಯನ್ನೂ ಹುಡುಗಿಯನ್ನೂ ನೋಡಿ, ತನ್ನ ಒರೆಗಲ್ಲನ್ನು ಮೆಲ್ಲಗೆ ಚೀಲಕ್ಕೆ ಹಾಕಿಕೊಂಡ.

ಈಗ ದಾವಲ್‌ಸಾಬ್‌ನ ಕಷ್ಟ ಶುರುವಾಯಿತು. ಜಪ್ತಿ ಪಂಚನಾಮೆಯಲ್ಲಿ ಜಾಗ ಹೇಗೆ ಗೊತ್ತಾಯಿತೆಂದು ಬರೆಯಬೇಕು. ಮಾಹಿತಿಯ ಮೇರೆಗೆ ಎಂದು ಬರೆದು ಮುಗಿಸಲು ಸಾಹೇಬರು ಹೇಳಿದರು. ದಾವಲ್‌ಸಾಬ್ ಒಪ್ಪಲಿಲ್ಲ; ಸುಳ್ಳು ಬರೆದ ಕೈ ತೊಳೆದು ನಾಳೆ ನಮಾಜಿಗೆ ವಜೂ ಹೇಗೆ ಮಾಡಲಿ ಎಂದ. ಕೊನೆಗೆ ಹೀಗೆ ಬರೆದ: 'ಕಾಲುವೆಯ ದಂಡೆಯಲ್ಲಿ ನಡೆದಾಡುತ್ತಿದ್ದ ಮಗುವು ಏಳು ಸಲ ಸೀನಿದ ಸ್ಥಳದಲ್ಲಿ ಅಗೆದಾಗ ತಂಬಿಗೆಯಲ್ಲಿ ಬಂಗಾರ ದೊರೆತಿರುತ್ತದೆ.' ಇಪ್ಪತ್ತಾರು ವರ್ಷದಲ್ಲಿ, ಹಳದಿ ಲೋಹ ಎಂಬ ಮಾತಿಲ್ಲದೆ ಆತ ಬರೆದ ಮೊದಲ ಬಂಗಾರದ ಪಂಚನಾಮೆ ಅದು.

ಕನಕರಾಜನನ್ನು ದಸ್ತಗಿರಿ ಮಾಡಿ ನ್ಯಾಯಾಲಯಕ್ಕೆ ಕಳಿಸಿದರು. ಅದೇ ಮಧ್ಯಾಹ್ನ 3 ಗಂಟೆಗೆ ಹುಲಿಗಿಯನ್ನು ರಾಯಚೂರಿನ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಿದರು. ಮಗುವಿನ ಹಿನ್ನೆಲೆಯ ವರದಿಯಲ್ಲಿ, ತಪ್ಪಿಗೆ ಕಾರಣ ಎಂಬಲ್ಲಿ ಹನುಮಂತರಾಯರು ತಮ್ಮ ಕೈಯಾರೆ ಒಂದೇ ಸಾಲು ಬರೆದರು: 'ಅಕ್ಕನ ಮದುವೆಯಲ್ಲಿ ನಿಲ್ಲುವ ಆಸೆ.' ಮಂಡಳಿ ಆಕೆಯನ್ನು ಅಪ್ಪ ಗ್ಯಾನಪ್ಪನ ವಶಕ್ಕೆ ಬಿಟ್ಟಿತು. ಜೂನಿನಿಂದ ಮತ್ತೆ ಶಾಲೆ, ಹಾಸ್ಟೆಲು, ತಿಂಗಳಿಗೊಮ್ಮೆ ಹಾಜರಿ. ಮದುವೆಗೆ ಹೋಗಬಹುದೇ ಎಂದು ಹುಡುಗಿ ಕೇಳಿದಾಗ, ಅದು ನಿಮ್ಮ ಮನೆಯವರ ವಿಚಾರ ಎಂದರು ಮಂಡಳಿಯವರು. ಗ್ಯಾನಪ್ಪ ನೆಲ ನೋಡಿದ. ಮರುದಿನ ಹನುಮಂತರಾಯರು ದಢೇಸುಗೂರಿಗೆ ಹೋಗಿ ಗದ್ದೆಮ್ಮನ ಕಟ್ಟೆಯ ಮೇಲೆ ಒಂದು ತಾಸು ಕೂತು ಬಂದರು. ಏನು ಮಾತಾಡಿದರೋ ಯಾರಿಗೂ ಹೇಳಲಿಲ್ಲ. ಆಕೆ ಒಪ್ಪಿದ್ದು ಅರ್ಧಕ್ಕೆ: ಬರಲಿ, ಹಂದರದ ಕೊನೆಯ ಕಂಬದ ಹತ್ತಿರ ನಿಲ್ಲಲಿ, ಸೀನಬಾರದು.

ಫೆಬ್ರುವರಿ 23, ಭಾನುವಾರ, ಮುಹೂರ್ತ 12 ಗಂಟೆ 20 ನಿಮಿಷ. ಅಂಜಲಿ ಹುಡುಗಿಯ ಪಕ್ಕ ನಿಂತಿದ್ದಳು, ಹನುಮಂತರಾಯರು ಉಂಗುರ ಬಿಚ್ಚಿಟ್ಟು ಹಿಂದೆ. ಬಂಗಾರ ಹಾಕಿದವರನ್ನೆಲ್ಲ ದೂರ ಮುಂದಿನ ಸಾಲುಗಳಲ್ಲಿ ಕೂರಿಸಿದ್ದರು. ಬಂದ ಮಂದಿಗೆಲ್ಲ ಕತೆ ಗೊತ್ತಾಗಿತ್ತು. ಎಲ್ಲರ ಕೈಯಲ್ಲಿ ಅಕ್ಕಿಕಾಳು, ಕಣ್ಣು ಮದುಮಕ್ಕಳ ಮೇಲೆ, ಕಿವಿ ಕೊನೆಯ ಕಂಬದ ಕಡೆ. ಹಿರಿಯರು ಮುಟ್ಟಿ ಹರಸಲೆಂದು ತಾಳಿಯ ತಟ್ಟೆ ಸಾಲುಸಾಲಾಗಿ ಬಂತು. ಹುಲಿಗಿಯ ಮುಂದೆ ಬಂದಾಗ ಅವಳು ಎರಡೂ ಕೈಯಿಂದ ಮೂಗು ಬಾಯಿ ಒತ್ತಿ ಹಿಡಿದಳು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಸೀನಲಿಲ್ಲ. ತಟ್ಟೆ ಮುಂದೆ ಹೋಯಿತು.

ಹಂದರದಲ್ಲಿ ಗುಜುಗುಜು ಎದ್ದಿತು. ಸೀನಲಿಲ್ಲ. ತಾಳಿಗೆ ಸೀನಲಿಲ್ಲ. ಮಸ್ಕಿಯಿಂದ ಬಂದ ಒಬ್ಬ ಬೀಗತಿ ಪಕ್ಕದವಳಿಗೆ, ಹಿತ್ತಾಳೆಗೆ ಬರುವುದಿಲ್ಲವಂತೆ ಎಂದಳು. ಮಾತು ಬೆಂಕಿಯಂತೆ ಮುಂದಿನ ಸಾಲಿಗೆ ಹೋಗಿ ಗದ್ದೆಮ್ಮನನ್ನು ಮುಟ್ಟಿತು. ತಾಳಿ ಮಾಡಿಸಿದ್ದು ಆಕೆ. ಊರ ಮುಂದೆ ಆಕೆಯ ಮುಖದ ಬಣ್ಣ ಇಳಿಯಿತು. ತಟ್ಟೆ ಕಸಿದುಕೊಂಡು ಮಂದಿಯನ್ನು ಸೀಳಿ ಕೊನೆಯ ಕಂಬಕ್ಕೆ ಬಂದಳು.

"ಸೀನವ್ವ ನನ ತಾಯಿ, ಒಂದ ಸಲ ಸೀನು. ನನ್ನ ಮರ್ಯಾದಿ ಕಾಯಿ."

ಹುಡುಗಿ ತಲೆ ಅಲ್ಲಾಡಿಸಿದಳು. ಕೈ ತೆಗೆಯಲಿಲ್ಲ. ಕಣ್ಣು ಮಾತ್ರ ಅತ್ತೆಯನ್ನು ದಾಟಿ ಅಕ್ಕನ ಕಡೆ ಹೋಯಿತು. ಜ್ಯೋತಿ ಬಾಸಿಂಗ ಕಟ್ಟಿಕೊಂಡೇ ಮಣೆಯಿಂದ ಎದ್ದಳು. ಮದುವೆ ಮಾಡಿಸುವ ಸ್ವಾಮಿಗಳು ಬೇಡ ಬೇಡ ಎನ್ನುತ್ತಿದ್ದಂತೆ ನಡೆದು ಬಂದು, ತಂಗಿಯ ಮುಖದಿಂದ ಎರಡೂ ಕೈ ಬಿಡಿಸಿ ತನ್ನ ಕೈಯಲ್ಲಿ ಹಿಡಿದಳು.

"ಇಷ್ಟದಿನಾ ಹಿಡಕೊಂಡಿದ್ದು ಸಾಕು," ಎಂದಳು. "ಸೀನಿಬಿಡು ಹುಲಿಗಿ."

ಹುಲಿಗಿ ಸೀನಿದಳು. ಹಂದರದ ತೋರಣ ಅಲುಗುವಂಥ ಸೀನು. ಆಮೇಲೆ ಎಲ್ಲಿಂದಲೋ ನೂರು ವರ್ಷ ಬಾಳವ್ವ ಎಂಬ ಮಾತು ಬಂತು, ವಾಲಗದವರು ಅದನ್ನೇ ಮುಹೂರ್ತವೆಂದು ತಿಳಿದು ಊದಿಬಿಟ್ಟರು, ನಾನೂರು ಮಂದಿ ಕೈಯಲ್ಲಿದ್ದ ಅಕ್ಕಿಕಾಳನ್ನೆಲ್ಲ ಕೊನೆಯ ಕಂಬದ ಕಡೆ ಎಸೆದರು. ಹನುಮಂತರಾಯರೂ ಎಸೆದರು. ತಾಳಿ ಇನ್ನೂ ತಟ್ಟೆಯಲ್ಲೇ ಇತ್ತು. ಸ್ವಾಮಿಗಳು ಗಡಿಯಾರ ತೋರಿಸಿ, ಮುಹೂರ್ತಕ್ಕೆ ಇನ್ನೂ ನಾಲ್ಕು ನಿಮಿಷವಿದೆ, ಅಕ್ಕಿ ಎಲ್ಲಿ ಎಂದು ಕೂಗುತ್ತಿದ್ದರು. ಗದ್ದೆಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮತ್ತೆ ಅಕ್ಕಿ ತರಲು ಒಳಗೆ ಓಡಿದಳು.